ಹುಣಸೆಹಣ್ಣಿಗೆ ಹಾರಿದ ಸ್ಪ್ರಿಂಗು

ತಪ್ಪು ನನ್ನದೇ. ಇದನ್ನು ಕೊನೆಗೆ ಹೇಳೋಣವೆಂದರೆ ಅಷ್ಟರೊಳಗೆ ನೀವೇ ಕಂಡುಹಿಡಿದಿರುತ್ತೀರಿ, ಒಪ್ಪಿಕೊಂಡ ಪುಣ್ಯವೂ ನನಗೆ ಸಿಗುವುದಿಲ್ಲ. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ದೊಡ್ಡ ಮಾವ ತಮ್ಮ ಮಡಚುವ ಚಾಕುವನ್ನು ನನ್ನ ಕೈಗೆ ಕೊಟ್ಟು, ಒಂದು ತೊಟ್ಟು ಎಣ್ಣೆ ಬಿಡು ಎಂದಷ್ಟೇ ಹೇಳಿದ್ದರು. ನಾನು ಅದನ್ನು ಒಂಬತ್ತು ತುಂಡು ಮಾಡಿದೆ. ಒಂಬತ್ತರಲ್ಲಿ ಎಂಟು ನನ್ನ ಮುಂದಿದ್ದವು.

ನಾವು ಓಡೈಪಟ್ಟಿಯವರು, ತಮಿಳುನಾಡಿನ ಕಂಬಂ ಕಣಿವೆಯ ದ್ರಾಕ್ಷಿಯವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಬೈಯುವಾಗ ಎರಡೂ. ನನಗೆ ಮೂರನೆಯದೊಂದು ಭಾಷೆಯಿದೆ, ಅದು ಇತರರ ಧ್ವನಿ. ಬಸ್ಸಿನ ಕಂಡಕ್ಟರು, ಹಲ್ಲು ಕಟ್ಟಿಸಿಕೊಂಡ ಮೇಷ್ಟ್ರು, ಮೂಗಿನಲ್ಲಿ ಮಾತಾಡುವ ಗೊಬ್ಬರದಂಗಡಿಯವರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದಾರೆ. ಮಕ್ಕಳ ಕಿವಿ ಚುಚ್ಚುವ ಮನೆಗಳಲ್ಲಿ ನನ್ನನ್ನು ಕರೆದು ಮೈಕು ಕೊಡುತ್ತಾರೆ. ಮಗು ಅಳುವುದಕ್ಕೆ ಶುರುಮಾಡಿದರೆ ನಾನೂ ಅದರಂತೆಯೇ ಅಳುತ್ತೇನೆ. ಮಗು ಬೆರಗಾಗಿ ಸುಮ್ಮನಾಗುತ್ತದೆ. ಆಗ ಚುಚ್ಚಿಬಿಡುತ್ತಾರೆ. ಇದು ನನ್ನ ವಿದ್ಯೆ. ಚಾಕು ರಿಪೇರಿ ನನ್ನ ವಿದ್ಯೆಯಲ್ಲ ಎಂಬುದು ಆ ಬುಧವಾರದವರೆಗೆ ಯಾರಿಗೂ ತಿಳಿದಿರಲಿಲ್ಲ, ನನಗಂತೂ ತಿಳಿದೇ ಇರಲಿಲ್ಲ.

ಆ ಚಾಕು ಮಾವನಿಗೆ ಏಕೆ ಅಷ್ಟು ಮುಖ್ಯವೆಂದು ಹೇಳಬೇಕು. ನಮ್ಮ ಮನೆತನದಲ್ಲಿ ದ್ರಾಕ್ಷಿ ಕೊಯ್ಲಿನ ದಿನ ಕೂಲಿಯವರು ಚಪ್ಪರದ ಕೆಳಗೆ ಕಾಲಿಡುವ ಮೊದಲು ಮನೆಯ ಹಿರಿಯ ಒಂದು ಗೊನೆ ಕೊಯ್ಯಬೇಕು. ಅದಕ್ಕೆ ಕತ್ತರಿ ತಾಗಿಸುವಂತಿಲ್ಲ. ಕತ್ತರಿ ಎರಡು ಬಾಯಿಯದು, ಸಂಬಂಧ ಕತ್ತರಿಸುತ್ತದೆ ಎಂದು ಅಜ್ಜಿಯ ವಾದ. ಕುಡುಗೋಲು ಭತ್ತಕ್ಕೆ, ಅಡುಗೆಮನೆಯ ಕತ್ತಿ ಕೋಳಿಗೆ. ಹಾಗಾಗಿ ಮಡಚುವ ಚಾಕುವೇ ಆಗಬೇಕು, ಹಿರಿಯ ಅದನ್ನು ತನ್ನ ಸೊಂಟದಿಂದ ತೆಗೆಯಬೇಕು, ತಾನೇ ಬಿಚ್ಚಬೇಕು. ಬೇರೆ ಯಾರಾದರೂ ಬಿಚ್ಚಿ ಕೊಟ್ಟರೆ ಗೊನೆ ಬಿಚ್ಚಿದವನದು. ಕೊಯ್ಲೂ ಅವನ ಹೆಸರಿನದು. ಆ ಬೆಳೆ ಮುಗಿಯುವವರೆಗೆ ತೋಟಕ್ಕೆ ಬಂದವರು ‘ಇದು ಯಾರ ಕೊಯ್ಲು’ ಎಂದು ಕೇಳಿದರೆ ಅವನ ಹೆಸರನ್ನೇ ಹೇಳಬೇಕು.

ದೊಡ್ಡ ಮಾವ, ಅಂದರೆ ಅಮ್ಮನ ಅಣ್ಣ, ಇಪ್ಪತ್ತು ವರ್ಷದಿಂದ ಮೊದಲ ಗೊನೆಯನ್ನು ಬಿಟ್ಟುಕೊಟ್ಟವರಲ್ಲ. ಹೋದ ಮಳೆಗಾಲದಲ್ಲಿ ಕಾಲುವೆ ದಂಡೆಯ ಮೇಲೆ ಸ್ಕೂಟರು ಜಾರಿ ಅವರ ಎಡಗೈ ಮಣಿಕಟ್ಟು ಮುರಿಯಿತು. ಒಳಗೆ ತಗಡು ಕೂರಿಸಿದರು. ಕೈ ಉಳಿಯಿತು, ಬಿಗಿ ಹೋಯಿತು. ಗೊನೆಯನ್ನು ಕೆಳಗಿನಿಂದ ಹಿಡಿಯಬಲ್ಲರು, ಮಡಚಿದ ಚಾಕುವಿನ ಅಲಗನ್ನು ಉಗುರಿನಲ್ಲಿ ಎಳೆಯಲಾರರು. ಅದರ ಮುಂದಿನ ಕೊಯ್ಲಿನಲ್ಲಿ ಹಳೆಯ ಚಾಕು ಹಿಡಿದು ಒದ್ದಾಡುತ್ತಿದ್ದಾಗ ಚಿಕ್ಕ ಮಾವ ಮೆಲ್ಲಗೆ ಪಕ್ಕಕ್ಕೆ ಬಂದು, “ಕೊಡಣ್ಣಾ, ನಾ ತೆಗ್ದು ಕೊಡ್ತೀನಿ” ಎಂದರು. ಆ ದನಿಯಲ್ಲಿ ಎಷ್ಟು ಜೇನಿತ್ತೆಂದರೆ ನಾನು ಇವತ್ತಿಗೂ ಅದನ್ನು ಸರಿಯಾಗಿ ಅನುಕರಿಸಲಾರೆ. ದೊಡ್ಡ ಮಾವ ಅವರನ್ನೊಮ್ಮೆ ನೋಡಿ, ಅಲಗನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ಗೊನೆ ಅವರದೇ ಆಯಿತು. ಮುಂದಿನ ಹಲ್ಲು ಅರ್ಧ ಹೋಯಿತು.

ಅದಾದ ಮೇಲೆ ಅತ್ತೆ, ಅಂದರೆ ದೊಡ್ಡ ಮಾವನ ಹೆಂಡತಿ, ಫೋನಿನಲ್ಲಿ ಹುಡುಕಿ ಈ ಸ್ಪ್ರಿಂಗು ಚಾಕು ತರಿಸಿದರು. ಅಲಗಿನ ಬುಡದಲ್ಲಿ ಒಂದು ಗುಬುಟು. ಹೆಬ್ಬೆರಳಿನಿಂದ ಅದನ್ನು ತುಸು ತಳ್ಳಿದರೆ ಸಾಕು, ಮಿಕ್ಕಿದ್ದನ್ನು ಒಳಗಿನ ಸ್ಪ್ರಿಂಗು ನೋಡಿಕೊಳ್ಳುತ್ತದೆ. ಟಕ್! ಅಲಗು ನೆಟ್ಟಗೆ ನಿಂತು, ಒಳಗಿನ ಪಟ್ಟಿಯೊಂದು ಅದನ್ನು ಹಿಡಿದುಕೊಳ್ಳುತ್ತದೆ. ಒಂದೇ ಕೈ ಸಾಕು. ಮಾವ ಚಿಕ್ಕ ಹುಡುಗನಂತಾದರು. ಬಾಳೆಹಣ್ಣಿಗೂ ಟಕ್, ಕಟ್ಟಿದ ಹೂವಿನ ದಾರಕ್ಕೂ ಟಕ್, ಬಂದ ಮದುವೆ ಪತ್ರಿಕೆಗೂ ಟಕ್. ಮೂರು ತಿಂಗಳು ಚಪ್ಪರದ ಕೆಳಗೆ ಬಳ್ಳಿ ಕಟ್ಟುವ ಹುರಿ ಕೊಯ್ದೂ ಕೊಯ್ದೂ, ಬಳ್ಳಿಗೆ ಹೊಡೆದ ಮೈಲುತುತ್ತ ಸುಣ್ಣದ ಪುಡಿಯೂ ಬಳ್ಳಿಯ ರಸವೂ ಒಳಗೆ ಸೇರಿ ಟಕ್ ಎನ್ನುವುದು ಟ್ರಕ್ ಎನ್ನತೊಡಗಿತು. ಶುಕ್ರವಾರ ಕೊಯ್ಲು. ಬುಧವಾರ ಮಧ್ಯಾಹ್ನ ಚಾಕು ನನ್ನ ಕೈಗೆ ಬಂತು.

“ಮಾಪ್ಳೆ, ಒಂದ್ ತೊಟ್ಟು ಎಣ್ಣೆ ಬಿಡು, ಅಷ್ಟೇಯ. ನಿನ್ ಬುದ್ಧಿ ಅದ್ಕೆ ಬೇಡ.”

“ಮಾವಾ, ಎಣ್ಣೆ ಮೇಲ್ಗಡೆ ಬಿಟ್ರೆ ಮೇಲ್ಗಡೆಯೇ ಇರ್ತದೆ. ಉಳ್ಳೆ ಓಗ್ಬೇಕಾದ್ರೆ ಬಿಚ್ಬೇಕು.”

“ಬಿಚ್ಬೇಡ.”

“ಸರಿ ಮಾವಾ.”

ಅವರು ತೋಟದ ಕಡೆ ಹೋದರು. ನಾನು ಜಗಲಿಯ ಮೇಲೆ ಟವಲ್ ಹಾಸಿ, ಫೋನ್ ರಿಪೇರಿಗೆಂದು ತಂದಿಟ್ಟಿದ್ದ ನಕ್ಷತ್ರದ ಮೂತಿಯ ಸ್ಕ್ರೂ ಡ್ರೈವರ್ ತೆಗೆದೆ. ಇಂಥ ಚಾಕು ಬಿಚ್ಚುವುದು ಹೇಗೆಂದು ತೋರಿಸುವ ವಿಡಿಯೋ ಹಾಕಿದೆ. ಯಾವುದೋ ದೇಶದ ಗಡ್ಡದವನು. ಗುಟ್ಟು ಹೇಳುವವನಂತೆ ಪಿಸುಪಿಸು ಮಾತಾಡುತ್ತಿದ್ದ. ಅಂಥ ಧ್ವನಿ ಸಿಕ್ಕರೆ ಬಿಡುವುದುಂಟೇ? ಆಚೆ ತುದಿಯಲ್ಲಿ ಅಜ್ಜಿ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಬೀಜ ತೆಗೆಯುತ್ತಿದ್ದರು. ಗಡ್ಡದವನು ಏನು ಹೇಳಿದರೂ ನಾನು ಅದೇ ಪಿಸುಮಾತಿನಲ್ಲಿ ಅಜ್ಜಿಗೆ ಹೇಳಿದೆ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ಉಬ್ಬಿದೆ. ಅವನು ಬಿಚ್ಚುವ ಮೊದಲು ಮಾಡಬೇಕಾದ ಒಂದೇ ಒಂದು ಮುಖ್ಯ ಸಂಗತಿಯನ್ನು ಹೇಳುತ್ತಿದ್ದಾಗ ನಾನು ಅವನ ಗಡ್ಡ ಕೆರೆಯುವುದನ್ನು ಮಾಡಿ ತೋರಿಸುತ್ತಿದ್ದೆ.

ಆ ಸಂಗತಿ ಏನೆಂದು ಆಮೇಲೆ ಗೊತ್ತಾಯಿತು. ಆಗ ನನ್ನ ಲೆಕ್ಕ ಬೇರೆಯಿತ್ತು. ಬಿಚ್ಚಿ ನಿಂತ ಅಲಗು ಅಪಾಯ, ಮಡಚಿದ ಅಲಗು ಕ್ಷೇಮ. ಸಣ್ಣ ಮಗುವಿಗೂ ಗೊತ್ತಿರುವ ವಿಷಯ. ಬಹಳ ಎಚ್ಚರದಿಂದ ಚಾಕು ಮಡಚಿ, ಬಹಳ ಎಚ್ಚರದಿಂದ ಒಂದೊಂದೇ ಸ್ಕ್ರೂ ತಿರುಗಿಸಿದೆ. ಪೆದ್ದತನವನ್ನೂ ಎಚ್ಚರದಿಂದ ಮಾಡಬಹುದೆಂದು ನನಗೆ ಅವತ್ತು ತಿಳಿಯಿತು. ಮೇಲಿನ ಹಿಡಿಯ ತಗಡು ಎತ್ತಿದೆನೋ ಇಲ್ಲವೋ, ‘ಣೈಂ’ ಎಂದು ಏನೋ ನನ್ನ ಕಿವಿಯ ಪಕ್ಕ ಹಾಯಿತು. ಅಲಗು ತಾನಾಗಿ ಅರ್ಧ ಸುತ್ತು ತಿರುಗಿ ಟವಲನ್ನು ಸೀಳಿತು. ಅಲ್ಲಿ ನನ್ನ ಬೆರಳು ಇರಲಿಲ್ಲ, ಕಿವಿ ಮುಟ್ಟಿ ನೋಡಿಕೊಳ್ಳಲು ಹೋಗಿತ್ತು.

ಎರಡು ಹಿಡಿ, ಒಂದು ಅಲಗು, ಒಂದು ಜೇಬಿನ ಕೊಕ್ಕೆ, ಎರಡು ವಾಷರು, ನಡುವಿನ ಕೀಲು, ಹಿಂದಿನ ಪಟ್ಟಿ. ಸ್ಕ್ರೂಗಳನ್ನು ಬಿಟ್ಟು ಎಂಟು. ಸ್ಪ್ರಿಂಗು ಇಲ್ಲ.

“ಏನ್ಲಾ ತೇಡ್ತಾ ಇದ್ದೀಯಾ?” ಅಜ್ಜಿ ಕೇಳಿದರು. ನಾನು ಸ್ಪ್ರಿಂಗು ಹುಡುಕುತ್ತ ನಾಲ್ಕು ಕಾಲಿನ ಮೇಲಿದ್ದೆ.

“ಏನಿಲ್ಲ ಅಜ್ಜಿ. ಬೆನ್ನು ನೋವು, ಯೋಗ ಮಾಡ್ತಾ ಇದ್ದೀನಿ.”

ಜಗಲಿ ಗುಡಿಸಿದೆ. ಚಪ್ಪಲಿಗಳನ್ನು ಕೊಡವಿದೆ. ಹಾಳಾದ ಸ್ಪೀಕರಿನ ಅಯಸ್ಕಾಂತ ಕಿತ್ತು ದಾರ ಕಟ್ಟಿ ನೆಲದುದ್ದಕ್ಕೂ ಎಳೆದೆ. ಏಳು ತಲೆಪಿನ್ನು, ಎರಡು ಸೇಫ್ಟಿ ಪಿನ್ನು, ಯಾವ ಪೆಟ್ಟಿಗೆಯದೆಂದು ಯಾರಿಗೂ ನೆನಪಿಲ್ಲದ ಒಂದು ಕೀಲಿಕೈ ಸಿಕ್ಕವು. ಅತ್ತೆ ಹೊರಗೆ ಬಂದು ತಲೆಪಿನ್ನುಗಳನ್ನು ನೋಡಿ, “ನಮ್ಮ ಮನೇಲಿ ಒಳ್ಳೇ ಪಿಳ್ಳೆ ನೀನೊಬ್ನೇ” ಎಂದು ತಲೆ ಸವರಿ ಹೋದರು. ಅಂಥ ಹೊಗಳಿಕೆ ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ, ಸಿಕ್ಕಾಗ ಅನುಭವಿಸಲು ಆಗಲಿಲ್ಲ.

ಊಟಕ್ಕೆ ಬಂದ ದೊಡ್ಡ ಮಾವ ಕೇಳಿದರು. “ಎಣ್ಣೆ ಬಿಟ್ಯಾ?”

“ಬಿಟ್ಟಿದ್ದೀನಿ ಮಾವಾ, ಊರ್ತಾ ಐತೆ. ಎರಡ್ ದಿನ ಊರ್ಬೇಕು.”

“ಉಪ್ಪಿನ್ಕಾಯಾ ಅದು?”

ಸಂಜೆ ಅಜ್ಜಿ ಹುಣಸೆಹಣ್ಣಿಗೆ ಉಪ್ಪು ಹಾಕಿ ಉಂಡೆ ಕಟ್ಟತೊಡಗಿದರು. ಮೂರನೆಯ ಉಂಡೆಗೆ ಅವರ ಕೈ ನಿಂತಿತು. ಎರಡು ಬೆರಳಿನಲ್ಲಿ ಏನನ್ನೋ ಎಳೆದು ಕಣ್ಣಿನ ಹತ್ತಿರ ಹಿಡಿದರು. ಎರಡು ಕಡೆಗೂ ಬಾಲವಿರುವ ಪುಟ್ಟ ಸುರುಳಿ, ಮೈತುಂಬ ಹುಳಿ.

“ಇಷ್ಟು ವರ್ಸ ಉಣ್ಸೆಣ್ಣು ಬಿಡ್ಸಿದ್ದೀನಿ. ಇದ್ರಾಗೆ ಕಬ್ಬಿಣದ ನರ ಇರಾದು ಈವತ್ತೇ ನೋಡಿದ್ದು” ಎಂದರು. ಆಮೇಲೆ ನನ್ನ ಮುಖ ನೋಡಿದರು. ನನ್ನ ಮುಖ ಯಾರನ್ನು ಬೇಕಾದರೂ ಅನುಕರಿಸುತ್ತದೆ, ನಿರಪರಾಧಿಯನ್ನು ಬಿಟ್ಟು. ಎಲ್ಲ ಹೇಳಿಬಿಟ್ಟೆ.

ಅಜ್ಜಿ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. “ಸುಕ್ರವಾರ ಒತ್ತಾರೆ ಅವನ ಸೊಂಟದಾಗೆ ಈ ಕತ್ತಿ ಇಲ್ದಿದ್ರೆ ಅವ್ನು ಇನ್ನೊಂದ್ ಅಲ್ಲು ಮುರ್ಕತಾನೆ. ತಮ್ಮುನ ಕೈಗಂತೂ ಕೊಡಾಕಿಲ್ಲ. ಓಗು, ಸರಿ ಮಾಡ್ಕಂಬಾ” ಎಂದಷ್ಟೇ ಹೇಳಿ ಸ್ಪ್ರಿಂಗನ್ನು ತೊಳೆದು ಕೊಟ್ಟರು.

ಸರಿ ಮಾಡಲು ಮೂರು ಸಲ ನೋಡಿದೆ. ಮೊದಲ ಸಲ ಸ್ಪ್ರಿಂಗು ಹೆಬ್ಬೆರಳನ್ನು ಕಚ್ಚಿತು. ಎರಡನೆಯ ಸಲ ಎಲ್ಲ ಕೂಡಿತು, ಅಲಗು ಅಲ್ಲಾಡಲೇ ಇಲ್ಲ. ಮೂರನೆಯ ಸಲ ಅಲಗು ಬಂತು, ಕುರ್ಚಿಯಿಂದ ಏಳುವ ಮಂಡಿನೋವಿನ ತಾತನಂತೆ ಬಂತು. ಟವಲಿನ ಮೇಲೆ ಒಂದು ವಾಷರು ಮಿಕ್ಕಿತ್ತು. ಮೆತ್ತಗಾಗಲಿ ಎಂದು ಕೊಬ್ಬರಿ ಎಣ್ಣೆ ಸುರಿದೆ. ಅಂಟು ಹೆಚ್ಚಿತು, ಪರಿಮಳವೂ ಹೆಚ್ಚಿತು.

ಗುರುವಾರ ಬೆಳಿಗ್ಗೆ ತುಂಡುಗಳನ್ನೆಲ್ಲ ಹಳೆಯ ಬನಿಯನ್ನಿನಲ್ಲಿ ಗಂಟು ಕಟ್ಟಿಕೊಂಡು, ಬೀಗಕ್ಕೆ ಹೆಸರಾದ ದಿಂಡುಗಲ್ಲಿಗೆ ಹೊರಟೆ. ಸ್ಪ್ರಿಂಗಿನ ವಿಷಯ ಬೀಗದವರಿಗಲ್ಲದೆ ಇನ್ಯಾರಿಗೆ ಗೊತ್ತು? ಅಜ್ಜಿಯ ಪೆಟ್ಟಿಗೆಗೆ ಬೀಗ ಮಾಡಿಕೊಟ್ಟ ಮುದುಕರೊಬ್ಬರು ಅಲ್ಲಿದ್ದರು. ತೇನಿ ದಾಟಿ ಬಸ್ಸು ವತ್ತಲಗುಂಡಿನ ಹತ್ತಿರ ಬಂದಾಗ ಫೋನು ಹೊಡೆಯಿತು. ದೊಡ್ಡ ಮಾವ.

“ಎಲ್ಲಿದ್ದೀಯ ಮಾಪ್ಳೆ?”

“ಇಲ್ಲೇ ಮಾವಾ, ಸ್ನೇಹಿತನ ಮನೇಲಿ.”

“ಕತ್ತಿ ಎಲ್ಲೈತೆ?”

“ಜೋಬಲ್ಲೇ ಐತೆ.” ಇದು ನಿಜ. ಎಷ್ಟು ತುಂಡು ಎಂದು ಅವರು ಕೇಳಲಿಲ್ಲ.

“ಎಣ್ಣೆ ಇಡೀತಾ? ಎಲ್ಲಿ, ಒಂದ್ಸಲ ತೆಗಿ, ಕೇಳ್ತೀನಿ.”

ನನ್ನ ಕಲೆಗೆ ಅಂಥ ಪರೀಕ್ಷೆ ಎಂದೂ ಬಂದಿರಲಿಲ್ಲ. ಫೋನನ್ನು ಗದ್ದಕ್ಕೆ ಒತ್ತಿಕೊಂಡು ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ ಬಿಟ್ಟೆ. “ಟಕ್.”

“ಇನ್ನೊಂದ್ಸಲ.”

“ಟಕ್.”

“ಆಹಾ! ಒಸಾದರಂಗೆ ಐತೆ. ಈಗ ಮಡ್ಚು.”

ಮಡಚುವ ಶಬ್ದ ಬೇರೆ, ಸ್ವಲ್ಪ ದಪ್ಪ. ಅದನ್ನೂ ಮಾಡಿದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದರು. ಮಾವ ಸಂತೋಷದಿಂದ ಫೋನಿಟ್ಟರು. ಅವರ ಆ ಸಂತೋಷ ಕೇಳಿದ ಮೇಲೆ ನನಗೆ ದಿಂಡುಗಲ್ಲಿನವರೆಗೆ ಯಾರನ್ನೂ ಅಣಕಿಸುವ ಮನಸ್ಸಾಗಲಿಲ್ಲ.

ಬೀಗದ ಮುದುಕರು ಬನಿಯನ್ ಗಂಟು ಬಿಚ್ಚಿ, ಮೊದಲು ಮೂಸಿದರು. “ಇದು ಚಾಕುವಿಗಾ, ತಲೆಗಾ?” ಎಂದರು ತಮಿಳಿನಲ್ಲಿ. ಆಮೇಲೆ ನನ್ನ ಹೆಬ್ಬೆರಳಿನ ಗಾಯ ನೋಡಿದರು. “ಮಡಚಿಟ್ಟು ಬಿಚ್ಚಿದೆ ಅಲ್ಲವಾ?”

“ಮಡಚಿದರೆ ಕ್ಷೇಮ ಅಂದುಕೊಂಡೆ ತಾತಾ.”

“ಮಡಚಿದಾಗ ಅದು ಉಸಿರು ಬಿಗಿಹಿಡಿದು ಕೂತಿರುತ್ತದೆ ತಂಬಿ. ಬಿಚ್ಚಿ ನಿಂತಾಗ ನಿದ್ದೆ ಮಾಡುತ್ತದೆ. ನಿದ್ದೆ ಮಾಡುವವನ ಅಂಗಿ ಬಿಚ್ಚಬೇಕು.”

ಗಡ್ಡದವನು ಹೇಳಿದ್ದೂ ಅದನ್ನೇ ಇರಬೇಕು. ಮುದುಕರು ಮಾಡಿಕೊಡುತ್ತಾರೆಂದು ಕುಳಿತೆ. ಅವರು ತುಂಡುಗಳನ್ನು ನನ್ನ ಕಡೆ ತಳ್ಳಿದರು. “ನೀನೇ ಮಾಡು. ನಾಳೆ ಮತ್ತೆ ಬಿಚ್ಚುವವನೂ ನೀನೇ.” ಆಮೇಲೆ ಒಂದು ದೊಡ್ಡ ಕವರು ಬೇಕೆಂದರು, ಒಳಗಿನದು ಕಾಣುವಂಥದು. ನಾನು ಮೂಲೆಯ ಅಂಗಡಿಗೆ ಓಡಿ, ಚಿನ್ನಾಳಪಟ್ಟಿ ಸೀರೆ ತುಂಬುವ ಕವರೊಂದನ್ನು ಬೇಡಿ ತಂದೆ. ಎರಡೂ ಕೈಗಳನ್ನು ಅದರೊಳಗೆ ತೂರಿಸಿ ಕೆಲಸ ಮಾಡಬೇಕು. ಸ್ಪ್ರಿಂಗು ಹಾರಿದರೂ ಸೀರೆಯ ಮನೆಯಲ್ಲೇ ಇರುತ್ತದೆ. ಕಣ್ಣಿಗೆ ಅವರದೇ ಕನ್ನಡಕ ಹಾಕಿದರು. ಅದರಲ್ಲಿ ನನಗೆ ಚಾಕು ಎರಡು ಕಂಡವು, ಹೆದರಿಕೆಯೂ ಎರಡರಷ್ಟಾಯಿತು.

ಮೊದಲು ಅಲಗಿನ ಬಾಯಿಗೆ ದಪ್ಪ ಟೇಪು ಸುತ್ತಿಸಿದರು. ಹಳ್ಳಗಳಲ್ಲಿದ್ದ ಸುಣ್ಣವನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿಸಿ, ಕೊಬ್ಬರಿ ಎಣ್ಣೆಯನ್ನು ಒರೆಸಿಸಿ, ಹೊಲಿಗೆ ಮಿಷಿನ್ನಿನ ಎಣ್ಣೆಯನ್ನು ಕೀಲಿಗೆ ಒಂದೇ ತೊಟ್ಟು ಬಿಡಿಸಿದರು. ಒಂದೇ ತೊಟ್ಟು. ಮಾವ ಹೇಳಿದ್ದೂ ಅಷ್ಟೇ. ಅಲಗಿನ ಆ ಕಡೆ ಒಂದು ವಾಷರು, ಈ ಕಡೆ ಒಂದು. ಅಲಗನ್ನು ಬಿಚ್ಚಿ ನಿಂತ ಹಾಗೆಯೇ ಹಿಡಿಯ ಮೇಲೆ ಕೂರಿಸಿ, ಸ್ಪ್ರಿಂಗಿನ ಒಂದು ಬಾಲವನ್ನು ಹಿಡಿಯ ತೂತಿಗೆ, ಇನ್ನೊಂದನ್ನು ಅಲಗಿನ ತೂತಿಗೆ ಸೇರಿಸಿದೆ. ಜಗಳವೇ ಇಲ್ಲದೆ ಸೇರಿತು. ಹಿಂದಿನ ದಿನ ಮಡಚಿದ ಅಲಗಿಗೆ ಅದನ್ನು ತುರುಕಲು ನಾನು ಪಟ್ಟ ಪಾಡು ನೆನೆದು ನಗು ಬಂತು. ನಕ್ಕು, ಗಡ್ಡದವನ ಪಿಸುಧ್ವನಿಯಲ್ಲಿ ಏನೋ ಹೇಳಹೊರಟೆ.

“ಬಾಯಿ ಮುಚ್ಚು ತಂಬಿ. ಕೈಗೆ ಕೇಳಿಸುತ್ತಿಲ್ಲ.”

ಕೀಲಿನ ಸ್ಕ್ರೂವನ್ನು ಪೂರ್ತಿ ಬಿಗಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಬಿಡಿಸಿದರು. ಹೆಚ್ಚು ಬಿಗಿದರೆ ಅಲಗು ಏಳುವುದಿಲ್ಲ, ಹೆಚ್ಚು ಸಡಿಲಿಸಿದರೆ ಅಲುಗುತ್ತದೆ. ಟೇಪಿರುವಾಗಲೇ ನಾಲ್ಕಾರು ಸಲ ನಿಧಾನವಾಗಿ ಮಡಚಿ ಬಿಚ್ಚಿ, ಮಡಚಿದಾಗ ಅಲಗು ಎರಡು ಹಿಡಿಗಳ ನಟ್ಟನಡುವೆ ಬೀಳುತ್ತದೆಯೇ ಎಂದು ನೋಡಿದರು. ಬಿಚ್ಚಿ ನಿಂತಾಗ ಬೆನ್ನಿನ ಮೇಲೆ ಒತ್ತಿ, ಹಿಡಿದುಕೊಳ್ಳುವ ಪಟ್ಟಿ ಜಾರುವುದಿಲ್ಲವೆಂದು ನೋಡಿದರು. ನಾನು ಗೆದ್ದೆನೆಂದು ಎದ್ದೆ. “ಕೂತುಕೋ. ಈಗ ಪೂರ್ತಿ ಬಿಚ್ಚಿ ಇನ್ನೊಂದು ಸಲ ಕೂಡಿಸು” ಎಂದರು. ಕೂಡಿಸಿದೆ. ಟೇಪು ತೆಗೆದು, ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು, ಗುಬುಟು ತಳ್ಳಿದೆ. ನಾನು ಬಸ್ಸಿನಲ್ಲಿ ಮಾಡಿದ್ದಕ್ಕಿಂತ ಚೆನ್ನಾಗಿ ಅದು ಟಕ್ ಎಂದಿತು.

ಶುಕ್ರವಾರ ಬೆಳಿಗ್ಗೆ ಚಪ್ಪರದ ಹೊರಗೆ ಕೂಲಿಯವರು ಕ್ರೇಟುಗಳನ್ನು ಜೋಡಿಸಿಕೊಂಡು ನಿಂತಿದ್ದರು. ಅಜ್ಜಿ ಒಂದು ಕ್ರೇಟನ್ನು ಬೋರಲು ಹಾಕಿಸಿಕೊಂಡು ಕುಳಿತಿದ್ದರು. ದೊಡ್ಡ ಮಾವ ತಲೆ ಬಗ್ಗಿಸಿ ಒಳಗೆ ಹೋಗಿ, ಮೊದಲೇ ನೋಡಿಟ್ಟಿದ್ದ ಕಪ್ಪು ಗೊನೆಯ ಕೆಳಗೆ ಎಡಗೈ ಚಾಚಿದರು. ಚಿಕ್ಕ ಮಾವ ಎರಡು ಹೆಜ್ಜೆ ಹಿಂದೆ, ಸಹಾಯಕ್ಕೆ ಸಿದ್ಧವಾಗಿ, ಸಹಾಯ ಬೇಕಾಗಲೆಂದು ಹಾರೈಸುತ್ತ ನಿಂತಿದ್ದರು. ದೊಡ್ಡ ಮಾವ ಸೊಂಟದಿಂದ ಚಾಕು ತೆಗೆದರು. ನಾನು ಉಸಿರು ಬಿಗಿಹಿಡಿದೆ.

ಹೆಬ್ಬೆರಳು ಮುಟ್ಟಿತೋ ಇಲ್ಲವೋ, ಟಕ್! ಗೊನೆ ಕೈಗೆ ಬಂತು.

ಕೂಲಿಯವರು ಓ ಎಂದರು. ಇಲ್ಲಿಯೇ ನನ್ನ ರಿಪೇರಿ ನಮಗೆ ಮುಳುವಾದದ್ದು. ಟ್ರಕ್ ಎನ್ನುತ್ತಿದ್ದಾಗ ಮಾವ ತಳ್ಳುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಈಗ ಅದು ಅಷ್ಟು ನಯವಾಗಿ ಹಾರಿತ್ತೆಂದರೆ ಮಾವ ಏನಾದರೂ ಮಾಡಿದರೇ ಎಂದೇ ಅನುಮಾನವಾಗುವಂತಿತ್ತು. ಚಿಕ್ಕ ಮಾವನಿಗೆ ಆ ಅನುಮಾನ ಎಲ್ಲರಿಗಿಂತ ಮೊದಲು ಬಂತು.

“ಅಣ್ಣಾ, ಒಂದ್ ನಿಮಿಸ. ನಾನ್ ಕಣ್ಣಾರೆ ನೋಡ್ದೆ. ನೀನು ಮುಟ್ದೆ, ಅಷ್ಟೇಯ. ಕತ್ತಿ ಬಿಚ್ಚಿದ್ದು ಸ್ಪ್ರಿಂಗು.”

“ಏನಂದೆ?” ದೊಡ್ಡ ಮಾವ ಗೊನೆ ಹಿಡಿದುಕೊಂಡೇ ತಿರುಗಿದರು.

“ಮನೆ ಕಟ್ಟಳೆ ಏಳ್ತೀನಿ. ಬಿಚ್ಚಿದವ್ನದು ಗೊನೆ. ನೀ ಬಿಚ್ಚಿಲ್ಲ. ಅಂಗಾದ್ರೆ ಈ ಗೊನೆ ನಿಂದಲ್ಲ. ಅದು ಬಳ್ಳಿಯಿಂದ ತಾನೇ ಬಿದ್ದೋದಂಗೆ ಲೆಕ್ಕ. ಇನ್ನೊಂದನ್ನ ಕೈಯಾಗೆ ಬಿಚ್ಚಿ ಕೊಯ್ಯಾನ. ನಮ್ಮಿಬ್ರಿಗೂ ಒಂದೊಂದು ಅಳೇ ಕತ್ತಿ ಕೊಡ್ಲಿ, ಯಾರ್ ಮೊದ್ಲು ಬಿಚ್ತಾರೋ ಅವ್ರದು.”

ಕೂಲಿಯವರಲ್ಲೊಬ್ಬರು ತಮಿಳಿನಲ್ಲಿ, “ಅವರು ಹೇಳುವುದರಲ್ಲೂ ನ್ಯಾಯ ಇದೆ” ಎಂದರು. ದೊಡ್ಡ ಮಾವ ಏನೋ ಹೇಳಲು ಬಾಯಿ ತೆರೆದರು. ಅರ್ಧ ಹಲ್ಲು ಕಾಣಿಸಿತು. ಬಾಯಿ ಮುಚ್ಚಿ ಗೊನೆಯನ್ನು ಎದೆಗೆ ಒತ್ತಿಕೊಂಡರು, ಎರಡು ಹಣ್ಣು ಉದುರಿದವು. ನನಗೆ ಮೂವತ್ತು ಜನರ ಧ್ವನಿ ಬರುತ್ತದೆ. ಆ ಹೊತ್ತಿನಲ್ಲಿ ಒಂದೂ ನೆರವಿಗೆ ಬರಲಿಲ್ಲ.

ಅಜ್ಜಿ ಕ್ರೇಟಿನ ಮೇಲಿಂದ ಏಳಲೂ ಇಲ್ಲ. ಚಿಕ್ಕ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿ ಹೇಳಿದರು:

“ನೀ ಉಟ್ಟೋವಾಗ ದಾಕ್ಟ್ರಮ್ಮ ಇಕ್ಕಳ ಆಕಿ ಎಳ್ದ್ಲು ಕಣ್ಲಾ. ಅಂಗಂತ ನಿನ್ನ ಇಕ್ಕಳ ಎತ್ತ ಮಗ ಅಂತ ಬರ್ಸಿದ್ನಾ ನಾನು?”